ಎರೆನೆಲಕ್ಕೆ ದಕ್ಕದ ನಗೆ

ಹತ್ತೊಂಬತ್ತನೆಯ ಶತಮಾನದ ಧಾರವಾಡ ಜಿಲ್ಲೆಯ ಬಗ್ಗೆ ಬರೆದಿಟ್ಟ ಮಾತಿಗೆ ಬರವಿಲ್ಲ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತ್ಯದ ಗ್ಯಾಸೆಟಿಯರಿನ 22ನೆಯ ಸಂಪುಟ 1884ರಲ್ಲಿ ಹೊರಬಂತು. ನವಲಗುಂದದ ಎರೆಭೂಮಿ, ಬೆಣ್ಣೆಹಳ್ಳ, ಕಲಘಟಗಿಯ ಕಾಡು, ಅಣ್ಣಿಗೇರಿಯ ಗುಡಿ ಎಲ್ಲಕ್ಕೂ ಅದರಲ್ಲಿ ಜಾಗ ಸಿಕ್ಕಿದೆ. ಓದುಗನನ್ನು ನಗಿಸುವ ಕಪ್ಪೆಗೆ, ಕಾಗೆಗೆ ಮಾತ್ರ ಸಿಕ್ಕಿಲ್ಲ. ಅದೇ ಕಾಲದಲ್ಲಿ, ಅದೇ ಮುಂಬಯಿ ಪ್ರಾಂತ್ಯದಲ್ಲಿ ಕಪ್ಪೆ, ಕಾಗೆ, ಇಲಿ, ಹಲ್ಲಿ, ಜೇಡಗಳ ಮೇಲೆ ನಗೆಪ್ರಬಂಧ ಬರೆದು ಹೆಸರಾದವನೊಬ್ಬನಿದ್ದ: ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. ಓದುಗರಿಗೆ ಅವನು ಇ.ಎಚ್.ಎ. ಎಂಬ ಮೂರಕ್ಷರದಿಂದಲೇ ಪರಿಚಿತ. 1851ರಲ್ಲಿ ಸಾತಾರಾದಲ್ಲಿ ಹುಟ್ಟಿದವನು, ಸುಂಕ ಮತ್ತು ಉಪ್ಪಿನ ಇಲಾಖೆಯ ನೌಕರ, 1883ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘವನ್ನು ಕಟ್ಟಿದ ಎಂಟು ಮಂದಿಯಲ್ಲಿ ಒಬ್ಬ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಸಿಗುವ ಕಾರವಾರ ಸೀಮೆಯಲ್ಲಿ ಅವನು ಕೆಲಸ ಮಾಡಿದ. 1894ರ ‘ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್’ ಪುಸ್ತಕದ ಕಾಡು ಆ ಉತ್ತರ ಕನ್ನಡದ್ದೇ. ಕಲಘಟಗಿಯ ಪಶ್ಚಿಮದ ಗಡಿ ದಾಟಿದರೆ ಅದೇ ಕಾಡಿನ ಸೀಮೆ. ಹಾಗಿದ್ದೂ ಆ ನಗೆ ಗಡಿಯ ಈಚೆಗೆ, ಬಯಲಿಗೆ, ಯಾಕೆ ಬರಲಿಲ್ಲ?

ಕಾಡು ಚೆಂದ, ಬಯಲು ಬರಡು, ಆದ್ದರಿಂದ ಹಾಗಾಯಿತು ಎನ್ನುವುದು ಮೊದಲು ಹೊಳೆಯುವ ಉತ್ತರ. ಅದನ್ನು ಒಪ್ಪಲಾಗದು. ಇ.ಎಚ್.ಎ.ಗೆ ಹೆಸರು ತಂದ ಮೊದಲ ಪುಸ್ತಕ, 1883ರ ‘ದಿ ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್’, ಕಾಡಿನಲ್ಲಿ ಹುಟ್ಟಿದ್ದಲ್ಲ. ಅದರಲ್ಲಿ ಬರುವ ‘ಡಸ್ಟಿಪುರ’ ಗುಜರಾತಿನ ಖಾರಾಘೋಡಾ. ಕಚ್ಛದ ಚಿಕ್ಕ ರಣದ ಅಂಚಿನಲ್ಲಿ ಉಪ್ಪು ತೆಗೆಯುವ ಜಾಗ. ನವಲಗುಂದದ ಎರೆ ಒಂದು ಮಳೆ ಬಿದ್ದರೆ ಜೋಳ, ಕಡಲೆ, ಕುಸುಬಿ, ಹತ್ತಿ ಕೊಡುವ ನೆಲ. ಉಪ್ಪಿನ ಬಯಲಿನ ಮುಂದೆ ಅದು ಎಷ್ಟೋ ಪಾಲು ಸಂಪನ್ನ. ಖಾರಾಘೋಡಾದ ಧೂಳಿನಲ್ಲಿ ಹುಟ್ಟಿದ ನಗೆ ಇಲ್ಲಿ ಹುಟ್ಟದಿರಲು ಮಣ್ಣು ಕಾರಣವಲ್ಲ. ನನಗೆ ಕಾಣುವ ಕಾರಣ ಬೇರೆ: ನಿಸರ್ಗದ ನಗೆಪ್ರಬಂಧ ತಿರುಗಾಟದ ಫಲವಲ್ಲ, ಒಂದು ಕಡೆ ನೆಲೆ ನಿಂತವರ ಫಲ. ಉಪ್ಪಿನ ಇಲಾಖೆಯವನಿಗೆ ಕಾಯಬೇಕಾದ ಠಾಣೆಯಿತ್ತು, ಠಾಣೆಗೊಂದು ಜಗಲಿ, ಜಗಲಿಗೆ ದಿನಾ ಬರುವ ಅದೇ ಕಾಗೆ. ಧಾರವಾಡದ ಬಯಲನ್ನು ನೋಡಿದ ಕಂದಾಯದ ಅಧಿಕಾರಿಯೋ, ಹಂಗಾಮು ಬಂದೊಡನೆ ಡೇರೆ ಹೊಡೆದು ಊರೂರು ತಿರುಗುವವನು. ನವಲಗುಂದ, ಅಣ್ಣಿಗೇರಿಗಳ ಹತ್ತಿ ಗಾಡಿಯಲ್ಲಿ ಘಟ್ಟ ಇಳಿದು, ಹಡಗು ಹತ್ತಿದ ಬಂದರಿನ ಹೆಸರಿನಿಂದ ‘ಕುಮಟಾ ಹತ್ತಿ’ ಎಂದೇ ದೂರದ ಪೇಟೆಗಳಲ್ಲಿ ಮಾರಾಟವಾಗುತ್ತಿದ್ದ ಕಾಲ ಅದು. ಆ ಅಧಿಕಾರಿ ನೆಲವನ್ನು ನೋಡಿದ್ದು ಇಳುವರಿಯ, ತೆರಿಗೆಯ ಲೆಕ್ಕಕ್ಕೆ. ಕುಂದಗೋಳವಂತೂ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಧಾರವಾಡದ ಕಲೆಕ್ಟರಿನ ಡೇರೆಗೆ ಅಲ್ಲಿ ಕೆಲಸವೇ ಇರಲಿಲ್ಲ.

ನೆಲೆ ನಿಲ್ಲುವುದರಿಂದ ಏನಾಗುತ್ತದೆ ಎಂಬುದಕ್ಕೆ ಕಾರವಾರದ ಪಾತರಗಿತ್ತಿಗಳೇ ಸಾಕ್ಷಿ. ಕಲೆಕ್ಟರ್ ಜೇಮ್ಸ್ ಡೇವಿಡ್ಸನ್, ಅರಣ್ಯಾಧಿಕಾರಿ ಟಿ. ಆರ್. ಬೆಲ್ ಮತ್ತು ಏಟ್ಕನ್ ಸೇರಿ ಉತ್ತರ ಕನ್ನಡದ ಪಾತರಗಿತ್ತಿಗಳ ಮೇಲೆ ಬರೆದ ಲೇಖನಮಾಲೆ 1896ರಿಂದ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಲೆ ಬೀಸಿ ಹಿಡಿದದ್ದನ್ನು ಪಟ್ಟಿ ಮಾಡಿ ಅವರು ಸುಮ್ಮನಾಗಲಿಲ್ಲ, ಹುಳು ಸಾಕಿದರು. ಹುಳು ಸಾಕುವುದೆಂದರೆ ಅದು ತಿನ್ನುವ ಗಿಡವನ್ನೇ ಹುಡುಕಿ ದಿನಾ ಹೊಸ ಎಲೆ ಹಾಕಬೇಕು. ಅದು ತಿನ್ನುವುದು ಬಿಟ್ಟು ಅಲುಗದೆ ಕೂತರೆ ಸತ್ತಿತೆಂದು ಎಸೆಯದೆ, ಹಳೆಯ ಚರ್ಮ ಬಿರಿದು ಹೊಸ ತಲೆ ಹೊರಬರುವ ತನಕ ಕಾಯಬೇಕು. ಕೊನೆಗೆ ಕೋಶದೊಳಗಿಂದ ಪಾತರಗಿತ್ತಿಯ ಬದಲು ಸಣ್ಣದೊಂದು ಕಣಜ ಹೊರಬಂದರೆ ಅದನ್ನೂ ಬರೆದುಕೊಳ್ಳಬೇಕು. ಡೇರೆ ಕಿತ್ತು ಹೊರಡುವವನಿಗೆ ಇದು ಸಾಧ್ಯವಿಲ್ಲ. ಬೆಲ್ ನಿವೃತ್ತನಾದ ಮೇಲೂ ಕಾರವಾರ ಬಿಡಲಿಲ್ಲ, 1948ರಲ್ಲಿ ಅಲ್ಲಿಯೇ ತೀರಿಕೊಂಡ. ಪ್ರಾಣಿಯ ದಿನಚರಿ ಬಾಯಿಪಾಠವಾದ ಮೇಲೆಯೇ ಅದರ ವಿಚಿತ್ರ ಕಣ್ಣಿಗೆ ಬೀಳುವುದು, ಆಗಲೇ ನಗು ಹುಟ್ಟುವುದು.

ಮಾರ್ಕ್ ಟ್ವೇನ್‌ನ ಹೆಸರು ಹೇಳಿ ಇದನ್ನು ಅಲ್ಲಗಳೆಯಬಹುದು. 1896ರಲ್ಲಿ ಕೆಲವೇ ತಿಂಗಳು ಹಿಂದೂಸ್ತಾನ ಸುತ್ತಿದ ಅವನು ಮರುವರ್ಷ ಪ್ರಕಟಿಸಿದ ಪ್ರವಾಸಕಥನದಲ್ಲಿ ನಮ್ಮ ಕಾಗೆಯ ಮೇಲೆ ಬರೆದ ಪುಟಗಳನ್ನು ಮೀರಿಸುವ ನಗೆ ಬಹಳಿಲ್ಲ. ನಿಜ. ಆದರೆ ಆ ಕಾಗೆ ಮನುಷ್ಯಸ್ವಭಾವಕ್ಕೆ ಹಿಡಿದ ಕನ್ನಡಿ; ಓದಿ ಮುಗಿಸಿದರೆ ಟ್ವೇನ್ ಗೊತ್ತಾಗುತ್ತಾನೆ, ಕಾಗೆಯ ಸಂಸಾರ ಗೊತ್ತಾಗುವುದಿಲ್ಲ. ದಾರಿಹೋಕನಿಗೂ ನಗೆ ಸಿಗುತ್ತದೆ, ನಗೆಯೂ ತಿಳಿವೂ ಒಟ್ಟಿಗೆ ಸಿಗಲು ವರ್ಷಗಳು ಬೇಕು.

ಇನ್ನೊಂದು ಆಕ್ಷೇಪ ಭಾರವಾದದ್ದು. 1876ರಿಂದ 1878ರ ಬರದಲ್ಲಿ ಧಾರವಾಡದ ಬಯಲು ಬೆಂದುಹೋಗಿತ್ತು. ಅಂಥ ನೆಲದಲ್ಲಿ ನಗೆ ಹುಡುಕುವುದೇ ಕ್ರೂರವಲ್ಲವೆ? ಹಸಿದವರನ್ನು ನೋಡಿ ನಗುವುದಾದರೆ ಕ್ರೂರವೇ ಸರಿ. ಆ ಅಪಾಯ ಇ.ಎಚ್.ಎ.ಯ ಬರಹದಲ್ಲೂ ಇದೆ. 1889ರ ‘ಬಿಹೈಂಡ್ ದಿ ಬಂಗ್ಲೋ’ದಲ್ಲಿ ಮಾಲಿ, ಧೋಬಿ, ಆಯಾ ಎಲ್ಲರೂ ಯಜಮಾನನ ಕುರ್ಚಿಯಿಂದ ಕಂಡ ಹಾಗೆ ಕಾಣುತ್ತಾರೆ, ತಿರುಗಿ ಮಾತಾಡುವ ಅವಕಾಶ ಅವರಿಗಿಲ್ಲ. ಆ ಪುಸ್ತಕದ ಜಾಣ್ಮೆಯನ್ನು ಮೆಚ್ಚಬಹುದು, ಅದರ ನೋಟವನ್ನು ಒಪ್ಪಲಾಗದು. ಕಪ್ಪೆಯನ್ನು ಜಗಲಿಯಲ್ಲಿ ಕೂತು ನೋಡಿದರೆ ಕಪ್ಪೆಗೆ ಅನ್ಯಾಯವಾಗುವುದಿಲ್ಲ. ಮನುಷ್ಯನನ್ನು ಅರಿಯಲು ಜಗಲಿ ಇಳಿದು ಅವನ ಮಾತು ಕೇಳಬೇಕು. ಪ್ರಾಣಿಗಳ ಪ್ರಬಂಧಗಳು ಇಂದಿಗೂ ಹಸಿಯಾಗಿ, ಸೇವಕರ ಪ್ರಬಂಧಗಳು ಕಹಿಯಾಗಿ ಕಾಣುವುದು ಇದಕ್ಕೇ. ಬರದ ನೆನಪು ಕಪ್ಪೆಯ ಪ್ರಬಂಧಕ್ಕೆ ಅಡ್ಡಿಯಾಗಬೇಕಿರಲಿಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿದ ಎರೆ, ಮೊದಲ ದೊಡ್ಡ ಮಳೆಗೆ ಉಬ್ಬಿ ಬಾಯಿ ಮುಚ್ಚಿಕೊಳ್ಳುವುದು, ಆ ರಾತ್ರಿಯೇ ತಗ್ಗಿನ ನೀರಿನಲ್ಲಿ ಎದ್ದ ಗದ್ದಲ, ಹೊಲದ ಬಯಲಲ್ಲೇ ಒಂಟಿ ಮೊಟ್ಟೆಯಿಟ್ಟು ಕಾಯುವ ಎರೆಭೂತ ಹಕ್ಕಿ, ಜಿಗಿದು ಓಡುವ ಚಿಗರಿ ಹಿಂಡು: ಒಂದೊಂದೂ ಒಂದೊಂದು ಅಧ್ಯಾಯವಾಗುವ ಸಾಮಗ್ರಿ.

ಇಲ್ಲಿ ನೆಲೆ ನಿಂತು ನೋಡಿದವರು ಇರಲಿಲ್ಲವೆಂದಲ್ಲ. ಯಾವ ಮಳೆಗೆ ಯಾವ ಬೀಜ, ಯಾವ ಹಕ್ಕಿ ಕೂಗಿದರೆ ಏನರ್ಥ ಎಂದು ಗಾದೆ ಕಟ್ಟಿದ ಒಕ್ಕಲಿಗ ಏಟ್ಕನ್‌ಗಿಂತ ಹೆಚ್ಚು ಕಾಲ ನೋಡಿದವನು, ಅವನ ಗಾದೆಗಳಲ್ಲಿ ನಗೆಗೂ ಕೊರತೆಯಿಲ್ಲ. ಅದು ಗದ್ಯವಾಗಲಿಲ್ಲ, ಅಷ್ಟೇ. ಧಾರವಾಡದ ಅಂದಿನ ಕನ್ನಡ ಗದ್ಯದ ಮುಂದೆ ಬೇರೆ ತುರ್ತುಗಳಿದ್ದವು. ವೆಂಕಟ ರಂಗೋ ಕಟ್ಟಿ 1893ರಲ್ಲಿ ಮುಂಬಯಿ ಕರ್ನಾಟಕದ ಗ್ಯಾಸೆಟಿಯರನ್ನು ಕನ್ನಡದಲ್ಲಿ ತಂದರು. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ 1896ರಲ್ಲಿ ‘ವಾಗ್ಭೂಷಣ’ ಆರಂಭಿಸಿತು. ಶಾಲೆಗಳಲ್ಲಿ ಮರಾಠಿಯ ಪಕ್ಕದಲ್ಲಿ ಕನ್ನಡಕ್ಕೆ ಜಾಗ ಮಾಡಿಕೊಡಬೇಕಾಗಿದ್ದ ತಲೆಮಾರಿಗೆ ಚರಿತ್ರೆ, ವ್ಯಾಕರಣ, ಅನುವಾದಗಳೇ ಮೊದಲಾದವು. ಅವರನ್ನು ಇದಕ್ಕಾಗಿ ದೂರುವುದು ಸಲ್ಲದು. ಆದರೆ ನೆಲೆ ನಿಲ್ಲುವುದೇ ಮುಖ್ಯವೆಂಬ ನನ್ನ ವಾದಕ್ಕೆ ಕನ್ನಡದ್ದೇ ಪುರಾವೆ ಮುಂದೆ ಸಿಕ್ಕಿತು: ಮೂಡಿಗೆರೆಯ ತೋಟದಲ್ಲಿ ದಶಕಗಳ ಕಾಲ ನೆಲೆ ನಿಂತ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ 1991ರಲ್ಲಿ ಬಂದಾಗ ನಗೆಯೂ ತಿಳಿವೂ ಜೊತೆಯಾಗಿಯೇ ಬಂದವು, ಆಳುಗಳೂ ಊರವರೂ ಅದರಲ್ಲಿ ತಿರುಗಿ ಮಾತಾಡಿದರು. ಅದೂ ಮಲೆನಾಡಿನ ಪುಸ್ತಕ. ಎರೆಭೂತ ಕರ್ನಾಟಕದಲ್ಲಿ ಈಗ ಸಿರುಗುಪ್ಪದ ಸುತ್ತ ಬೆರಳೆಣಿಕೆಗೆ ಇಳಿದಿದೆ. ಬಯಲಿನ ಅಧ್ಯಾಯಗಳನ್ನು ಬರೆಯುವವರಿಗೆ ನವಲಗುಂದದಲ್ಲಿ ಕಪ್ಪೆ, ಕಾಗೆ, ಎರೆ ಮೂರೂ ಇನ್ನೂ ಇವೆ.