ಅಮ್ಮನ ಧಾಟಿ ತಪ್ಪಾ? ಪುರಂದರದಾಸರನ್ನು ಇವತ್ತು ಕೇಳುವುದು ಹೇಗೆ

ಇವತ್ತಿನ ಮಾತು ಪುರಂದರದಾಸರ ಸಂಗೀತದ ಬಗ್ಗೆ. ಮೊದಲು ಒಂದು ತಪ್ಪೊಪ್ಪಿಗೆ.

ಹೋದ ವರ್ಷ ಅಮ್ಮ ಸಾಗರದಿಂದ ನಮ್ಮ ಠಾಕುರ್ಲಿ ಮನೆಗೆ ಬಂದಿದ್ದರು. ಮೊಮ್ಮಗಳನ್ನು ಮಲಗಿಸುವಾಗ ‘ಜಗದೋದ್ಧಾರನ’ ಹಾಡೋರು, ನಮ್ಮಜ್ಜಿಯ ಧಾಟಿಯಲ್ಲಿ. ನಾನೋ, ದಿನಾ ಸ್ಲೋ ಲೋಕಲ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು ಅದೇ ಹಾಡನ್ನು ಎಂ.ಎಸ್. ಸುಬ್ಬುಲಕ್ಷ್ಮಿಯವರ ದನಿಯಲ್ಲಿ, ಕಾಪಿ ರಾಗದಲ್ಲಿ ಕೇಳೋನು. “ಅಮ್ಮಾ, ಅದು ಹಾಗಲ್ಲ, ಒರಿಜಿನಲ್ ಬೇರೆ” ಅಂದುಬಿಟ್ಟೆ. “ಹೌದೇನೋ” ಅಂದರು, ಸುಮ್ಮನಾದರು. ಮರುದಿನದಿಂದ ಹಾಡಲೇ ಇಲ್ಲ.

ಆಮೇಲೆ ಓದಲು ಕೂತಾಗ ಗೊತ್ತಾಯಿತು, ತಪ್ಪು ನನ್ನದು.

ಬೀಥೋವನ್ ತನ್ನ ಸ್ವರಗಳನ್ನು ಕಾಗದದ ಮೇಲೆ ಬರೆದಿಟ್ಟು ಹೋದ. ‘ಒರಿಜಿನಲ್’ ಯಾವುದು ಅಂತ ತೆಗೆದು ನೋಡಬಹುದು. ದಾಸರದು ಹಾಗಲ್ಲ. ಅವರು ವಿಜಯನಗರದ ಕಾಲದವರು, ವ್ಯಾಸರಾಯರ ಶಿಷ್ಯರು. ತೀರಿಕೊಂಡದ್ದು 1564ರಲ್ಲಿ ಎನ್ನುತ್ತಾರೆ. ಮರುವರ್ಷವೇ, 1565ರ ಜನವರಿಯಲ್ಲಿ, ತಾಳಿಕೋಟೆ ಯುದ್ಧ ನಡೆದು ರಾಜಧಾನಿ ಹಾಳಾಯಿತು. ಹಾಡುಗಳು ಮಾತ್ರ ಉಳಿದವು. ಭಜನೆ ಮಾಡುವವರ, ದಾಸರ, ಮನೆ ಹೆಂಗಸರ ಬಾಯಲ್ಲಿ. ತಾಳೆಗರಿಗೆ ಸಾಹಿತ್ಯ ಇಳಿಯಿತು, ದಾಸರೇ ಹಾಡಿದ ಸ್ವರ ಇಳಿಯಲಿಲ್ಲ. ನಾವು ಇವತ್ತು ಕಛೇರಿಯಲ್ಲಿ ಕೇಳುವ ಧಾಟಿಗಳಲ್ಲಿ ಬಹುಪಾಲು ನಂತರದ ಗಾಯಕರು ಕೂಡಿಸಿದ್ದು. ನನ್ನ ಹೆಡ್‌ಫೋನಿನ ಕಾಪಿಯೂ ಒಂದು ಧಾಟಿ, ಅಮ್ಮನದೂ ಒಂದು ಧಾಟಿ, ಅಷ್ಟೇ.

ಹಾಗಾದರೆ ದಾಸರದು ಅಂತ ಉಳಿದಿದ್ದೇನು?

ಒಂದು, ಪಾಠ. ಸರಳೆ ವರಸೆಯನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿಸುವ ಕ್ರಮ ಅವರದೇ ಎಂದು ಸಂಪ್ರದಾಯ ಹೇಳುತ್ತದೆ. ಕೀಬೋರ್ಡ್ ಮೇಲೆ ನುಡಿಸಿ ನೋಡಿ: ಸ-ರಿ-ಗ-ಮ ನಡುವಿನ ಅಂತರ 1, 3, 1. ಪ-ದ-ನಿ-ಸ ನಡುವೆಯೂ 1, 3, 1. ಅರ್ಧ ಕಲಿತರೆ ಇನ್ನರ್ಧ ತಾನಾಗಿ ಬರುತ್ತದೆ. ಇವೇ ಸ್ವರಗಳನ್ನು ನಮ್ಮ ಪಕ್ಕದ ಮನೆಯ ಮರಾಠಿ ಕಾಕು ಕೇಳಿದರೆ “ಇದು ಭೈರವ್” ಅಂತಾರೆ. 1767ರಲ್ಲಿ ಹುಟ್ಟಿದ ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ದಲ್ಲಿ ದಾಸರಿಗೆ ನಮಿಸಿದ್ದು ಸುಮ್ಮನೆ ಅಲ್ಲ.

ಇನ್ನೊಂದು, ಹಾಡಿನ ಕಟ್ಟು. ‘ಜಗದೋದ್ಧಾರನ’ದ ಚರಣಗಳನ್ನು ಗಮನಿಸಿ. ಪ್ರತಿ ಸಲ ದೇವರು ಇನ್ನಷ್ಟು ದೊಡ್ಡವನಾಗುತ್ತಾನೆ: ವೇದಕ್ಕೂ ಸಿಗದವನು, ಅಣುವಿಗಿಂತ ಸಣ್ಣವನು. ಅಷ್ಟೆಲ್ಲ ಆದಮೇಲೆ ಪಲ್ಲವಿಗೆ ಬಂದರೆ ಒಬ್ಬ ತಾಯಿ, ಅವಳು ಆಡಿಸುವ ಮಗು. ಯಾವ ರಾಗದಲ್ಲಿ ಹಾಡಿದರೂ ಈ ಮರಳುವಿಕೆ ತಪ್ಪುವುದಿಲ್ಲ. ನನ್ನ ಪ್ರಕಾರ ಕೇಳಬೇಕಾದ ಜಾಗ ಅದು. ಮೊದಲ ಸಲ ಪದಗಳಿಗಾಗಿ ಕೇಳಿ. ಎರಡನೇ ಸಲ ಪಲ್ಲವಿಗೆ ಹೇಗೆ ಮರಳುತ್ತಾರೆ ಅಂತ ಕೇಳಿ. ಆಮೇಲೆ ಬೇರೆ ಗಾಯಕರದನ್ನು ಹೋಲಿಸಿ.

ಮೊನ್ನೆ ಊರಿಗೆ ಫೋನ್ ಮಾಡಿ, “ನಾನು ಹೇಳಿದ್ದು ತಪ್ಪಮ್ಮಾ, ನಿನ್ನ ಧಾಟಿಯಲ್ಲೇ ರೆಕಾರ್ಡ್ ಮಾಡಿ ಕಳಿಸು” ಅಂದೆ. “ಈಗೆಲ್ಲಿ ಸ್ವರ ಇದೆಯೋ, ಬಿಡು” ಅಂದರು. ರಾತ್ರಿ ವಾಟ್ಸಾಪ್‌ನಲ್ಲಿ ಬಂತು. ಎರಡನೇ ಚರಣದಲ್ಲಿ ಕುಕ್ಕರ್ ಸೀಟಿಯೂ ಇದೆ. ಮಗಳು ಈಗ ಅದನ್ನೇ ಕೇಳಿ ಮಲಗುತ್ತಾಳೆ.

ನಿಮ್ಮ ಮನೆಯಲ್ಲೂ ಒಂದು ಧಾಟಿ ಇರಬಹುದು. ಈ ವಾರವೇ ರೆಕಾರ್ಡ್ ಮಾಡಿಟ್ಟುಕೊಳ್ಳಿ.