ಊರಿನ ಪೆಟ್ಟಿಗೆ, ಮನೆಯ ತಂತಿ

ಆಳಂದ, ಅಫಜಲಪುರ, ಜೇವರ್ಗಿ ಎಂದೊಡನೆ ನಮ್ಮ ಪಟ್ಟಣಿಗರಿಗೆ ತೊಗರಿ, ಬಿಸಿಲು, ಬರ ನೆನಪಾಗುತ್ತವೆ, ಟೆಲಿವಿಷನ್ ನೆನಪಾಗದು. ಆದರೆ ಈ ತಾಲ್ಲೂಕುಗಳಿರುವ ಗುಲ್ಬರ್ಗಾ ಸೀಮೆ ದೂರದರ್ಶನವನ್ನು ಕಂಡದ್ದು ಬೆಂಗಳೂರಿಗಿಂತ ಮೊದಲೇ ಎಂದರೆ ವಾಚಕರು ನಂಬಬೇಕು.

1975ರ ಆಗಸ್ಟ್ 1ರಂದು ಆರಂಭವಾದ ‘ಸೈಟ್’ ಪ್ರಯೋಗವು ಅಮೆರಿಕದಿಂದ ಎರವಲು ತಂದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳುಹಿಸಿತು. ನಮ್ಮಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಆ ಭಾಗ್ಯ. ಹಿಂದುಳಿದಿರುವುದೇ ಅರ್ಹತೆ! ಬೆಳಿಗ್ಗೆ ಮಕ್ಕಳಿಗೆ ಪಾಠ. ಸಂಜೆ ಬೇಸಾಯ, ಆರೋಗ್ಯ. ಪೆಟ್ಟಿಗೆ ಊರಿಗೆಲ್ಲ ಒಂದು. ಹಾಗೆಂದು ಎಲ್ಲರೂ ಸರಿಸಮ ಕುಳಿತರೆಂದು ನಾನು ಹೇಳಲಾರೆ; ಜಾತಿಯ ಗೆರೆ ಅಷ್ಟು ಸುಲಭವಾಗಿ ಅಳಿಸುವಂಥದಲ್ಲ. ಆದರೂ ನೋಡುವುದಕ್ಕೆ ಯಾರೂ ಕಾಸು ಕೊಡಬೇಕಿರಲಿಲ್ಲ.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. 1977ರಲ್ಲಿ ಗುಲ್ಬರ್ಗಾಕ್ಕೆ ಪ್ರಸಾರ ಕೇಂದ್ರ ಬಂತು, ಬೆಂಗಳೂರಿಗೆ 1981ರಲ್ಲಿ.

1990ರ ದಶಕದಲ್ಲಿ ಕೇಬಲ್ ಹಬ್ಬಿತು. ತಿಂಗಳ ಹಣ ಕೊಡುವ ಮನೆಗೆ ಮಾತ್ರ ಅದರ ತಂತಿ. 1995ರ ಕೇಬಲ್ ಕಾಯಿದೆ, ನಡೆಸುವವರು ನೋಂದಾಯಿಸಿಕೊಳ್ಳಲಿ, ದೂರದರ್ಶನದ ಎರಡು ವಾಹಿನಿಗಳನ್ನಾದರೂ ತೋರಿಸಲಿ ಎಂದಿತು. ಬಡವರ ಕೇರಿಗೂ ತಂತಿ ಎಳೆಯಲಿ ಎನ್ನಲಿಲ್ಲ. ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು ಸಾರಿದ್ದೂ ಅದೇ ವರ್ಷ.

1975ರಲ್ಲಿ ಹಳ್ಳಿಯನ್ನು ಆರಿಸಿದವರು ಯಾರಿಗೆ ಹೆಚ್ಚು ಅಗತ್ಯವೆಂದು ನೋಡಿದ್ದರು. ಇಪ್ಪತ್ತು ವರ್ಷದ ಬಳಿಕ ಆ ಪ್ರಶ್ನೆಯನ್ನು ಕಾಯಿದೆ ಕೇಳಲೇ ಇಲ್ಲ. ಹೊಸ ಹೊಸ ಯಂತ್ರಗಳು ಬರುವಾಗಲೆಲ್ಲ ಅದನ್ನು ಕೇಳುವ ಹೊಣೆ ನಮ್ಮದಲ್ಲವೆ?