ಸಿಡಿ4 ಸಂಖ್ಯೆ ಏರಿದರಷ್ಟೇ ಸಾಲದು

ಎಚ್‌ಐವಿ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿರುವವರು ರಕ್ತಪರೀಕ್ಷೆಯ ವರದಿಯಲ್ಲಿ ಮೊದಲು ಹುಡುಕುವುದು ಸಿಡಿ4 ಸಂಖ್ಯೆಯನ್ನು. ಅದು ಏರಿದರೆ ನೆಮ್ಮದಿ, ಇಳಿದರೆ ಆತಂಕ. ಹಾಗಾದರೆ ಬೇರೊಂದು ಔಷಧಿಯಿಂದ ಈ ಸಂಖ್ಯೆಯನ್ನು ಏರಿಸಿದರೆ ರೋಗಿಯ ಆಯುಷ್ಯವೂ ಹೆಚ್ಚುವುದೆ?

ಏನಿದು ಸಿಡಿ4?

ಇದು ಬಿಳಿ ರಕ್ತಕಣಗಳ ಒಂದು ಬಗೆ. ರೋಗಾಣುಗಳು ದೇಹವನ್ನು ಪ್ರವೇಶಿಸಿದಾಗ ಇತರ ರಕ್ಷಕ ಕೋಶಗಳನ್ನು ಎಚ್ಚರಿಸಿ ಸಜ್ಜುಗೊಳಿಸುವುದು ಇವುಗಳ ಕೆಲಸ. ಎಚ್‌ಐವಿ ನಾಶಪಡಿಸುವುದು ಇವುಗಳನ್ನೇ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ರಿಂದ 1,500ರಷ್ಟು ಇರುವ ಈ ಕೋಶಗಳು 200ಕ್ಕಿಂತ ಕೆಳಗಿಳಿದರೆ ನ್ಯುಮೋನಿಯಾ, ಮಿದುಳು ಪೊರೆಯ ಉರಿಯೂತದಂತಹ ಮಾರಕ ಸೋಂಕುಗಳ ಅಪಾಯ ತೀವ್ರವಾಗುತ್ತದೆ.

ಎಆರ್‌ಟಿ ಮಾತ್ರೆಗಳು ವೈರಾಣುವಿನ ವೃದ್ಧಿಯನ್ನು ತಡೆಯುವುದರಿಂದ ಕೋಶಗಳ ಸಂಖ್ಯೆ ಕ್ರಮೇಣ ಚೇತರಿಸಿಕೊಳ್ಳುತ್ತದೆ. ಆದರೆ ತಡವಾಗಿ ಚಿಕಿತ್ಸೆ ಆರಂಭಿಸಿದವರಲ್ಲಿ ಹಾಗೂ ವಯಸ್ಸಾದವರಲ್ಲಿ, ವೈರಾಣು ಹತೋಟಿಗೆ ಬಂದರೂ ಈ ಏರಿಕೆ ಮಂದವಾಗಿರುವುದುಂಟು.

ಸಂಖ್ಯೆ ಏರಿತು, ಫಲ ಸಿಗಲಿಲ್ಲ

ಇಂಟರ್‌ಲ್ಯೂಕಿನ್-2 ಎಂಬುದು ದೇಹವೇ ಉತ್ಪಾದಿಸುವ, ರಕ್ಷಕ ಕೋಶಗಳ ವೃದ್ಧಿಗೆ ನೆರವಾಗುವ ಪ್ರೋಟೀನು. ಇದನ್ನು ಚುಚ್ಚುಮದ್ದಿನ ಮೂಲಕ ಎಆರ್‌ಟಿಯ ಜೊತೆಗೆ ನೀಡಿ ಎರಡು ಬೃಹತ್ ಪ್ರಯೋಗಗಳನ್ನು ನಡೆಸಲಾಯಿತು. 'ಎಸ್‌ಪ್ರಿಟ್' ಪ್ರಯೋಗದಲ್ಲಿ 4,111 ಮಂದಿ ಹಾಗೂ 'ಸಿಲ್ಕಾಟ್' ಪ್ರಯೋಗದಲ್ಲಿ 1,695 ಮಂದಿ ಪಾಲ್ಗೊಂಡಿದ್ದರು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಬರಿಯ ಎಆರ್‌ಟಿ ಪಡೆದವರಿಗಿಂತ ಚುಚ್ಚುಮದ್ದು ಪಡೆದವರಲ್ಲಿ ಸಿಡಿ4 ಸಂಖ್ಯೆ ಸರಾಸರಿ 159 ಹಾಗೂ 53ರಷ್ಟು ಹೆಚ್ಚಾಗಿತ್ತು. ಆದರೆ ಏಳೆಂಟು ವರ್ಷಗಳ ನಿಗಾವಣೆಯ ನಂತರವೂ ಅವಕಾಶವಾದಿ ಸೋಂಕುಗಳಾಗಲಿ, ಸಾವುಗಳಾಗಲಿ ಗಣನೀಯವಾಗಿ ತಗ್ಗಲಿಲ್ಲ. ಹೀಗೆ ಹೆಚ್ಚಿದ ಕೋಶಗಳಿಗೆ ಸಹಜ ಕೋಶಗಳಷ್ಟು ರಕ್ಷಣಾ ಸಾಮರ್ಥ್ಯ ಇರಲಿಕ್ಕಿಲ್ಲ, ಅಥವಾ ಔಷಧಿಯ ಅಡ್ಡಪರಿಣಾಮಗಳೇ ಲಾಭವನ್ನು ನುಂಗಿಹಾಕಿರಬಹುದು ಎಂಬುದು ಸಂಶೋಧಕರ ಅನಿಸಿಕೆ.

ಬೇಗ ಆರಂಭಿಸುವುದೇ ಲೇಸು

ಸಿಡಿ4 ಕೋಶಗಳು ಕ್ಷೀಣಿಸುವ ಮುನ್ನವೇ ಚಿಕಿತ್ಸೆ ಆರಂಭಿಸುವುದು ನಿಜಕ್ಕೂ ಫಲ ನೀಡಿದ ಮಾರ್ಗ. 35 ದೇಶಗಳ 4,685 ಮಂದಿ ಪಾಲ್ಗೊಂಡ 'ಸ್ಟಾರ್ಟ್' ಅಧ್ಯಯನದ ಫಲಿತಾಂಶ 2015ರಲ್ಲಿ ಹೊರಬಿತ್ತು. ಸಿಡಿ4 ಸಂಖ್ಯೆ 500ಕ್ಕಿಂತ ಹೆಚ್ಚಿರುವಾಗಲೇ ಔಷಧಿ ಆರಂಭಿಸಿದವರಲ್ಲಿ ಗಂಭೀರ ಕಾಯಿಲೆ ಹಾಗೂ ಸಾವಿನ ಅಪಾಯ ಶೇ. 57ರಷ್ಟು ಕಡಿಮೆಯಾಗಿತ್ತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ನೀಡುವಂತೆ ಶಿಫಾರಸು ಮಾಡಿತು. ಭಾರತ 2017ರಲ್ಲಿ ಈ ನೀತಿಯನ್ನು ಅಳವಡಿಸಿಕೊಂಡಿತು. ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧಿ ಉಚಿತ.

ಸಿಡಿ4 ಏರಿಸುವುದಾಗಿ ಹೇಳಿಕೊಳ್ಳುವ ಪುಡಿ, ಟಾನಿಕ್ಕುಗಳನ್ನು ನಂಬಿ ಮಾತ್ರೆ ನಿಲ್ಲಿಸುವುದು ಅಪಾಯಕ್ಕೆ ಆಹ್ವಾನ. ಔಷಧಿ ನಿಂತರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಾಣು ಮತ್ತೆ ತಲೆಯೆತ್ತುತ್ತದೆ. ಸಿಡಿ4 ಸಂಖ್ಯೆ ನಿರೀಕ್ಷಿಸಿದಷ್ಟು ಏರದಿದ್ದರೂ ಎದೆಗುಂದದೆ ಮಾತ್ರೆ ಮುಂದುವರಿಸುತ್ತ, ವೈರಾಣು ಪ್ರಮಾಣದ ಪರೀಕ್ಷೆ, ಕ್ಷಯ ತಪಾಸಣೆ ಹಾಗೂ ಅಗತ್ಯವಿದ್ದಲ್ಲಿ ಸೋಂಕು ತಡೆ ಔಷಧಿಗಳ ಬಗ್ಗೆ ವೈದ್ಯರೊಡನೆ ಚರ್ಚಿಸುವುದು ಒಳಿತು.